ಮಾತಿನ ಮೂಲ ಯಾರದು? ಉಲ್ಲೇಖ, ಸಾಕ್ಷ್ಯಚಿತ್ರ ಮತ್ತು ನಮ್ಮ ಹೊಣೆ

ಒಂದು ಗ್ರಂಥವನ್ನು ಬರೆದವರು ಯಾರು? ಒಂದು ವಿಚಾರ ಮೊದಲು ಯಾರಲ್ಲಿ ಮೂಡಿತು? ಅದು ಯಾರಿಂದ ಯಾರಿಗೆ ತಲುಪಿತು? ಇವು ಸಂಶೋಧಕರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಗಳೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವದಲ್ಲಿ ಅವು ಪ್ರತಿದಿನವೂ ನಮ್ಮ ಮನೆಗಳೊಳಗೆ ಬರುತ್ತಿವೆ. ಬೆಳಗಾದರೆ ಮೊಬೈಲಿಗೆ ಬರುವ ಸಂದೇಶಗಳಲ್ಲಿ ಪ್ರವಾದಿಯವರ(ಸ) ಹೆಸರಿನ ಮಾತೊಂದಿರುತ್ತದೆ. ಅದು ಯಾವ ಸಂಗ್ರಹದ್ದೆಂದು ಬರೆದಿರುವುದಿಲ್ಲ. ಸಂಜೆಗೆ ವಿಡಿಯೋವೊಂದು ಬರುತ್ತದೆ; ಯುರೋಪಿನ ವಿಜ್ಞಾನವೆಲ್ಲ ಮುಸ್ಲಿಮರಿಂದ ಕದ್ದದ್ದೆಂದು ಅದು ಸಾರುತ್ತದೆ. ನಮ್ಮ ಮಕ್ಕಳು ಎರಡನ್ನೂ ನೋಡುತ್ತಾರೆ, ನಂಬುತ್ತಾರೆ, ಮುಂದಕ್ಕೆ ಕಳುಹಿಸುತ್ತಾರೆ. ಆದ್ದರಿಂದ ಕರ್ತೃತ್ವವನ್ನು ಅರಿಯುವ ಬಗೆ ಯಾವುದು ಎಂಬುದನ್ನು ನಾವು ಕುಟುಂಬಗಳಲ್ಲಿಯೇ ಚರ್ಚಿಸಬೇಕಾಗಿದೆ.

ಈ ವಿಷಯದಲ್ಲಿ ನಾವು ಬರಿಗೈಯವರಲ್ಲ. ಹದೀಸ್ ವಿದ್ವಾಂಸರು ಪ್ರತಿಯೊಂದು ಮಾತಿನ ಹಿಂದೆಯೂ ಅದನ್ನು ಹೇಳಿದವರ ಹೆಸರುಗಳ ಸರಣಿಯನ್ನು ಇಟ್ಟರು. ಅದೇ ಸನದು. ಅಬ್ದುಲ್ಲಾ ಇಬ್ನ್ ಮುಬಾರಕ್(ರ) ಸನದನ್ನು ಧರ್ಮದ ಒಂದು ಭಾಗವೆಂದೇ ಪರಿಗಣಿಸಿದ್ದರೆಂದು ಇಮಾಮ್ ಮುಸ್ಲಿಮ್(ರ) ತಮ್ಮ ಸಂಗ್ರಹದ ಪೀಠಿಕೆಯಲ್ಲಿ ದಾಖಲಿಸಿದ್ದಾರೆ. ಆ ಹೆಸರುಗಳಲ್ಲಿ ಯಾರು ಪ್ರಾಮಾಣಿಕರು, ಯಾರ ನೆನಪು ದುರ್ಬಲ, ಯಾರು ಯಾರನ್ನು ಭೇಟಿಯಾಗಿರಲು ಸಾಧ್ಯವೇ ಇರಲಿಲ್ಲ ಎಂಬುದನ್ನು ಪರಿಶೀಲಿಸಲೆಂದೇ ಒಂದು ಶಾಸ್ತ್ರ ಬೆಳೆಯಿತು.

ಇಪ್ಪತ್ತನೆಯ ಶತಮಾನದಲ್ಲಿ ತುರ್ಕಿ ಮೂಲದ ವಿದ್ವಾಂಸ ಫುಆತ್ ಸೆಝ್ಗಿನ್ ಇದೇ ಸನದುಗಳಿಗೆ ಹೊಸ ಪ್ರಶ್ನೆಯೊಂದನ್ನು ಕೇಳಿದರು. ಹದೀಸ್‌ಗಳು ಬಹುಕಾಲ ಬಾಯಿಮಾತಿನಲ್ಲಿಯೇ ಹರಿದು, ತಡವಾಗಿ ಬರಹಕ್ಕೆ ಬಂದವೆಂದು ಪಾಶ್ಚಾತ್ಯ ವಿದ್ವಾಂಸರಲ್ಲಿ ಅನೇಕರು ನಂಬಿದ್ದ ಕಾಲವದು. ಇಮಾಮ್ ಬುಖಾರಿಯವರ(ರ) ಆಕರಗಳ ಕುರಿತು 1956ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಸೆಝ್ಗಿನ್, ಸನದುಗಳ ಹಿಂದೆ ಲಿಖಿತ ಗ್ರಂಥಗಳೇ ಇವೆಯೆಂದು ವಾದಿಸಿದರು. ಅವರ ವಿಧಾನ ಸರಳವಾಗಿತ್ತು. ಒಂದು ಕೃತಿಯಲ್ಲಿರುವ ಸನದುಗಳನ್ನೆಲ್ಲ ಸಾಲಾಗಿ ಜೋಡಿಸಬೇಕು. ಹತ್ತಾರು ಸನದುಗಳು ಒಂದೇ ಹೆಸರಿನವರೆಗೆ ಒಟ್ಟಿಗೆ ಸಾಗಿ, ಅಲ್ಲಿಂದಾಚೆಗೆ ಕವಲೊಡೆಯುತ್ತವೆಯಾದರೆ, ಆ ಹೆಸರಿನವರೇ ಬಳಕೆಯಾದ ಗ್ರಂಥದ ಕರ್ತೃವಾಗಿರಬಹುದು. ಕವಲುಗಳು ಆ ಕರ್ತೃವಿನ ಆಕರಗಳಾಗಿರಬಹುದು. ಕಳೆದುಹೋದ ಗ್ರಂಥವೊಂದರ ಗುರುತನ್ನು ಹೀಗೆ ಉಳಿದ ಗ್ರಂಥದ ಉಲ್ಲೇಖಗಳಿಂದಲೇ ಕಂಡುಕೊಳ್ಳಬಹುದು. ಸನದಿನಲ್ಲಿರುವ ಪ್ರತಿ ಹೆಸರೂ ಗ್ರಂಥಕರ್ತನದೇ ಆಗಬೇಕಿಲ್ಲ, ಪಾಠಪ್ರವಚನದ ಮೂಲಕವೂ ಜ್ಞಾನ ಹರಿದಿದೆ ಎಂದು ಬೇರೆ ವಿದ್ವಾಂಸರು ಆಕ್ಷೇಪಿಸಿದ್ದಾರೆ. ಆ ಆಕ್ಷೇಪದಲ್ಲಿ ಹುರುಳಿದೆ. ಆದರೂ ಉಲ್ಲೇಖವೆಂಬುದು ಅಲಂಕಾರವಲ್ಲ, ಸಾಕ್ಷ್ಯ ಎಂಬುದನ್ನು ಸೆಝ್ಗಿನ್ ತೋರಿಸಿಕೊಟ್ಟರು.

ಆಧುನಿಕ ವಿಜ್ಞಾನವೂ ಇದೇ ಹೊತ್ತಿನಲ್ಲಿ ಈ ದಾರಿಗೆ ಬಂದದ್ದು ಗಮನಾರ್ಹ. ಯಾವ ಸಂಶೋಧನಾ ಲೇಖನವನ್ನು ಯಾವ ಲೇಖನಗಳು ಉಲ್ಲೇಖಿಸಿವೆ ಎಂಬುದರ ಸೂಚಿಯೊಂದು ಬೇಕೆಂದು ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಪ್ರಸ್ತಾಪಿಸಿದರು. 1960ರ ದಶಕದಲ್ಲಿ ಆ ಸೂಚಿ ಹೊರಬಂತು. ಇಂದು ಲಂಡನಿನ ಆಗಾ ಖಾನ್ ವಿಶ್ವವಿದ್ಯಾಲಯದ ‘ಕಿತಾಬ್’ ಯೋಜನೆಯು ಸಾವಿರಾರು ಅರಬಿ ಗ್ರಂಥಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಿ, ಯಾವ ಗ್ರಂಥದ ಯಾವ ಭಾಗ ಮತ್ತೊಂದರಲ್ಲಿ ಮರುಬಳಕೆಯಾಗಿದೆ ಎಂಬುದನ್ನು ಗುರುತಿಸುತ್ತಿದೆ. ಹೆಸರು ಹೇಳಿ ಬಳಸಿದ್ದೂ ಹೇಳದೆ ಬಳಸಿದ್ದೂ ಇದರಿಂದ ಬೆಳಕಿಗೆ ಬರುತ್ತದೆ.

ಈಗ ಒಂದು ಪ್ರಸಿದ್ಧ ಪ್ರಕರಣವನ್ನು ನೋಡೋಣ. 1543ರಲ್ಲಿ ಕೋಪರ್ನಿಕಸ್‌ನ ಗ್ರಂಥ ನ್ಯೂರೆಂಬರ್ಗ್‌ನಲ್ಲಿ ಅಚ್ಚಾಯಿತು. ಭೂಮಿಯು ಸೂರ್ಯನ ಸುತ್ತ ತಿರುಗುತ್ತದೆಂದು ಪ್ರತಿಪಾದಿಸಿದ ಈ ಕೃತಿಯಲ್ಲಿ ಅಲ್-ಬತ್ತಾನಿಯವರ ಹೆಸರು ಮತ್ತೆ ಮತ್ತೆ ಬರುತ್ತದೆ. ಸಾಬಿತ್ ಇಬ್ನ್ ಕುರ್ರಾ ಮತ್ತು ಅಂದಲೂಸಿನ ಅಲ್-ಝರ್ಕಾಲಿಯವರ ಹೆಸರುಗಳೂ ಇವೆ. ಆದರೆ ನಸೀರುದ್ದೀನ್ ತೂಸಿ ಹಾಗೂ ಇಬ್ನ್ ಶಾತಿರ್ ಎಂಬ ಎರಡು ಹೆಸರುಗಳು ಎಲ್ಲಿಯೂ ಇಲ್ಲ. 1259ರಲ್ಲಿ ಆರಂಭವಾದ ಮರಾಗಾ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದ ತೂಸಿ ಒಂದು ಪ್ರಮೇಯವನ್ನು ರೂಪಿಸಿದ್ದರು. ದೊಡ್ಡ ವೃತ್ತದೊಳಗೆ ಅದರ ಅರ್ಧದಷ್ಟು ವ್ಯಾಸದ ಚಿಕ್ಕ ವೃತ್ತವು ಉರುಳಿದರೆ, ಚಿಕ್ಕ ವೃತ್ತದ ಅಂಚಿನ ಬಿಂದು ನೇರ ರೇಖೆಯಲ್ಲಿ ಹಿಂದೆ ಮುಂದೆ ಚಲಿಸುತ್ತದೆ. ಕೋಪರ್ನಿಕಸ್ ಇದೇ ಪ್ರಮೇಯವನ್ನು ಬಳಸಿದ್ದಾನೆ. ಇಬ್ನ್ ಶಾತಿರ್ ಹದಿನಾಲ್ಕನೆಯ ಶತಮಾನದಲ್ಲಿ ದಮಾಸ್ಕಸಿನ ಉಮಯ್ಯದ್ ಮಸೀದಿಯಲ್ಲಿ ನಮಾಝಿನ ವೇಳೆಯನ್ನು ಲೆಕ್ಕಹಾಕುವ ಹೊಣೆ ಹೊತ್ತಿದ್ದವರು. ಅವರ ಚಂದ್ರಚಲನೆಯ ಮಾದರಿಯೂ ಕೋಪರ್ನಿಕಸ್‌ನ ಮಾದರಿಯೂ ಅಲ್ಪಸ್ವಲ್ಪ ಅಂಕಿಗಳ ವ್ಯತ್ಯಾಸವನ್ನು ಬಿಟ್ಟರೆ ಒಂದೇ ಎಂಬುದನ್ನು 1957ರಲ್ಲಿ ವಿಕ್ಟರ್ ರಾಬರ್ಟ್ಸ್ ಪ್ರಕಟಿಸಿದರು.

ಇದನ್ನು ಕಳ್ಳತನವೆನ್ನಬಹುದೇ? ಇಲ್ಲಿ ತಾಳ್ಮೆ ಬೇಕು. ಅಲ್-ಬತ್ತಾನಿಯವರ ಗ್ರಂಥವು ಹನ್ನೆರಡನೆಯ ಶತಮಾನದಲ್ಲಿಯೇ ಲ್ಯಾಟಿನ್‌ಗೆ ಅನುವಾದವಾಗಿತ್ತು. ಆದ್ದರಿಂದ ಅದನ್ನು ಓದಿ ಹೆಸರಿಸುವುದು ಸಾಧ್ಯವಾಯಿತು. ತೂಸಿ ಮತ್ತು ಇಬ್ನ್ ಶಾತಿರ್‌ರ ಗ್ರಂಥಗಳಿಗೆ ಅಂಥ ಲ್ಯಾಟಿನ್ ಅನುವಾದ ದೊರೆತಿಲ್ಲ. ಕೋಪರ್ನಿಕಸ್‌ಗೆ ಅರಬಿ ತಿಳಿದಿರಲಿಲ್ಲ. ತೂಸಿಯ ಪ್ರಮೇಯವಿರುವ ಗ್ರೀಕ್ ಹಸ್ತಪ್ರತಿಯೊಂದು ವ್ಯಾಟಿಕನ್ ಗ್ರಂಥಾಲಯದಲ್ಲಿರುವುದನ್ನು ಓಟೋ ನಾಯ್‌ಗೆಬೌವರ್ ತೋರಿಸಿದರು. ಎರಡೂ ಗ್ರಂಥಗಳ ರೇಖಾಚಿತ್ರಗಳಲ್ಲಿ ಬಿಂದುಗಳಿಗೆ ಕೊಟ್ಟ ಅಕ್ಷರಗಳು ಬಹುಮಟ್ಟಿಗೆ ಪರಸ್ಪರ ಹೊಂದುತ್ತವೆಂದು 1973ರಲ್ಲಿ ವಿಲಿ ಹಾರ್ಟ್ನರ್ ಗಮನಿಸಿದರು. ಇಬ್ಬರೂ ಟಾಲೆಮಿಯ ಅದೇ ಸಮಸ್ಯೆಗಳನ್ನು ಬಿಡಿಸುತ್ತಿದ್ದುದರಿಂದ ಸ್ವತಂತ್ರವಾಗಿಯೇ ಒಂದೇ ಉತ್ತರಕ್ಕೆ ಬಂದಿರಬಹುದೆಂದು ವಾದಿಸುವವರೂ ಇದ್ದಾರೆ. ನಡುವಿನ ಕೊಂಡಿಯಾದ ವ್ಯಕ್ತಿ ಅಥವಾ ಗ್ರಂಥ ನಿಸ್ಸಂದೇಹವಾಗಿ ಸಿಕ್ಕಿಲ್ಲ. ಹದೀಸ್ ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಪಠ್ಯಗಳು ಒಂದನ್ನೊಂದು ಹೋಲುತ್ತವೆ, ಆದರೆ ಸನದಿನಲ್ಲಿ ಕೊಂಡಿಯೊಂದು ಕಾಣೆಯಾಗಿದೆ. ಪ್ರಬಲವಾದ ಸಂಭವನೀಯತೆಯನ್ನು ಸಂಭವನೀಯತೆಯೆಂದೇ ಕರೆಯುವುದು ನ್ಯಾಯ. ಇಬ್ನ್ ಶಾತಿರ್‌ರ ಮಾದರಿಯಲ್ಲಿ ಭೂಮಿಯೇ ಕೇಂದ್ರದಲ್ಲಿತ್ತು ಎಂಬುದನ್ನೂ ಮುಚ್ಚಿಡಬಾರದು.

ಈ ಕಥೆಯನ್ನು ಸಾಮಾನ್ಯ ಜನರ ಬಳಿಗೆ ಒಯ್ದದ್ದು ಸಾಕ್ಷ್ಯಚಿತ್ರ. ಬಗ್ದಾದಿನಲ್ಲಿ ಜನಿಸಿದ ಭೌತವಿಜ್ಞಾನಿ ಜಿಮ್ ಅಲ್-ಖಲೀಲಿ 2009ರಲ್ಲಿ ಬಿಬಿಸಿಗಾಗಿ ‘ಸೈನ್ಸ್ ಅಂಡ್ ಇಸ್ಲಾಂ’ ಎಂಬ ಮೂರು ಕಂತುಗಳ ಸರಣಿಯನ್ನು ನಿರೂಪಿಸಿದರು. ರಾಬರ್ಟ್ಸ್‌ರ ಲೇಖನವನ್ನು ಓದುವವರು ಕೆಲವೇ ಮಂದಿ. ಆದರೆ ಹಳೆಯ ಹಸ್ತಪ್ರತಿಯ ಪುಟ ತೆರೆಯ ಮೇಲೆ ಮೂಡಿದಾಗ ಮನೆಮಂದಿಯೆಲ್ಲ ಕುಳಿತು ನೋಡುತ್ತಾರೆ. ಶತಮಾನಗಳ ಕಾಲ ಮರೆಯಲ್ಲಿದ್ದ ಕರ್ತೃವಿಗೆ ಚಲನಚಿತ್ರವು ಮತ್ತೆ ಹೆಸರನ್ನು ಕೊಡಬಲ್ಲದು. ಅದೊಂದು ದೊಡ್ಡ ಉಪಕಾರ.

ಆದರೆ ‘ಸಾಕ್ಷ್ಯಚಿತ್ರ’ ಎಂಬ ನಮ್ಮ ಭಾಷೆಯ ಪದವನ್ನು ಒಮ್ಮೆ ಗಮನಿಸಿರಿ. ಅದರಲ್ಲಿ ಸಾಕ್ಷ್ಯವೂ ಇದೆ, ಚಿತ್ರವೂ ಇದೆ. ನೋಡುವವರಿಗೆ ಎಲ್ಲವೂ ಸಾಕ್ಷ್ಯವಾಗಿಯೇ ಕಾಣುತ್ತದೆ. ವಾಸ್ತವದಲ್ಲಿ ಬಹುಭಾಗ ಚಿತ್ರವಾಗಿರುತ್ತದೆ. 2010ರಲ್ಲಿ ‘1001 ಇನ್ವೆನ್ಶನ್ಸ್’ ಸಂಸ್ಥೆ ಹೊರತಂದ ಕಿರುಚಿತ್ರದಲ್ಲಿ ಬೆನ್ ಕಿಂಗ್ಸ್ಲಿ ಎಂಬ ನಟರು ಅಲ್-ಜಝರಿಯಾಗಿ ಕಾಣಿಸಿಕೊಂಡರು. ಅದನ್ನು ನೋಡಿದ ಮಕ್ಕಳಿಗೆ ಅಲ್-ಜಝರಿಯೆಂದರೆ ಆ ನಟನ ಮುಖವೇ. 1206ರ ತನ್ನ ಗ್ರಂಥದಲ್ಲಿ ಅಲ್-ಜಝರಿ, ಆರ್ಕಿಮಿಡೀಸನ ಹೆಸರಿನಲ್ಲಿದ್ದ ಜಲಗಡಿಯಾರದ ಗ್ರಂಥಕ್ಕೂ ಬನೂ ಮೂಸಾ ಸಹೋದರರಿಗೂ ತಾನು ಋಣಿಯೆಂದು ತಿಳಿಸಿದ್ದಾನೆ. ಈ ಪ್ರಾಮಾಣಿಕತೆ ಆತನ ಯಂತ್ರಗಳಷ್ಟೇ ಮಹತ್ವದ್ದು. ಆದರೆ ತೆರೆಯ ಮೇಲೆ ತಿರುಗುವ ಚಕ್ರಗಳು ಕಣ್ಸೆಳೆಯುವಂತೆ ಗ್ರಂಥಋಣವು ಕಣ್ಸೆಳೆಯದು. ಚಲನಚಿತ್ರಕ್ಕೆ ಅಡಿಟಿಪ್ಪಣಿಯಿಲ್ಲ. ಅದಕ್ಕಿರುವ ಸನದೆಂದರೆ ಕೊನೆಯಲ್ಲಿ ಮೇಲಕ್ಕೆ ಸರಿಯುವ ಹೆಸರುಗಳ ಪಟ್ಟಿ: ಬರೆದವರು, ಸಲಹೆ ನೀಡಿದ ವಿದ್ವಾಂಸರು, ಹಸ್ತಪ್ರತಿ ಒದಗಿಸಿದ ಗ್ರಂಥಾಲಯಗಳು, ಹಣ ಕೊಟ್ಟವರು. ಆ ಪಟ್ಟಿ ಬರುತ್ತಲೇ ನಾವು ಟಿವಿಯನ್ನು ಆರಿಸಿಬಿಡುತ್ತೇವೆ!

ಹೆಸರು ಅಳಿಯುವುದರಲ್ಲಿಯೂ ಎರಡು ಬಗೆಯಿದೆ. ಹನ್ನೊಂದನೆಯ ಶತಮಾನದಲ್ಲಿ ಉತ್ತರ ಆಫ್ರಿಕದಿಂದ ಇಟಲಿಗೆ ಬಂದ ಕಾನ್‌ಸ್ಟಂಟೈನ್ ಎಂಬವನು ಅಲಿ ಇಬ್ನ್ ಅಬ್ಬಾಸ್ ಮಜೂಸಿಯವರ ವೈದ್ಯಗ್ರಂಥವನ್ನು ಲ್ಯಾಟಿನ್‌ಗೆ ತಂದನು. ಮೂಲಕರ್ತೃವಿನ ಹೆಸರನ್ನು ಹೇಳಲಿಲ್ಲ. 1127ರಲ್ಲಿ ಅಂತಿಯೋಕಿನ ಸ್ಟೀಫನ್ ಅದನ್ನು ಮತ್ತೆ ಅನುವಾದಿಸಿ ಆ ಲೋಪವನ್ನು ಬಹಿರಂಗಪಡಿಸಿದನು. ಇದು ಮರೆಮಾಚುವಿಕೆ. ಇನ್ನೊಂದು ಬಗೆಯಲ್ಲಿ ವಿಚಾರವು ಎಷ್ಟು ಸರ್ವಮಾನ್ಯವಾಗುತ್ತದೆಂದರೆ ಅದನ್ನು ಉಲ್ಲೇಖಿಸುವ ಅಗತ್ಯವೇ ಯಾರಿಗೂ ಕಾಣುವುದಿಲ್ಲ. ಅಲ್-ಖ್ವಾರಿಝ್ಮಿಯವರ ಹೆಸರಿನಿಂದ ‘ಅಲ್ಗಾರಿದಮ್’ ಎಂಬ ಪದವೇ ಹುಟ್ಟಿತು. ಅದನ್ನು ಬಳಸುವವರು ಅದೊಂದು ಮನುಷ್ಯನ ಹೆಸರೆಂಬುದನ್ನು ಮರೆತರು. ಮೊದಲನೆಯದು ಅನ್ಯಾಯ, ಎರಡನೆಯದು ಒಂದರ್ಥದಲ್ಲಿ ಗೆಲುವು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇತರರ ಲೆಕ್ಕವನ್ನು ಕೇಳುವ ನಾವು ನಮ್ಮ ಲೆಕ್ಕವನ್ನೂ ಒಪ್ಪಿಸಬೇಕು. ಜಾಬಿರ್ ಇಬ್ನ್ ಹಯ್ಯಾನ್ ನೂರಾರು ಗ್ರಂಥಗಳನ್ನು ಬರೆದ ರಸಾಯನಶಾಸ್ತ್ರದ ಪಿತಾಮಹನೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ಗ್ರಂಥಗಳೆಲ್ಲ ಒಬ್ಬನವಲ್ಲವೆಂಬುದು ಇಂದಿನ ಅನೇಕ ಸಂಶೋಧಕರ ಅಭಿಪ್ರಾಯ. ಇದು ಪಾಶ್ಚಾತ್ಯರ ಕುಹಕವೆಂದು ತಳ್ಳಿಹಾಕುವಂತಿಲ್ಲ. ಹತ್ತನೆಯ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಇಬ್ನ್ ನದೀಮ್ ತಮ್ಮ ಗ್ರಂಥಸೂಚಿಯಲ್ಲಿ, ಜಾಬಿರ್ ಎಂಬವನು ಇರಲೇ ಇಲ್ಲವೆಂದು ಕೆಲವು ವಿದ್ವಾಂಸರೂ ಪುಸ್ತಕ ವ್ಯಾಪಾರಿಗಳೂ ಹೇಳುತ್ತಿದ್ದುದನ್ನು ದಾಖಲಿಸಿದ್ದಾರೆ. ಅವರು ಆ ಮಾತನ್ನು ಒಪ್ಪಲಿಲ್ಲ; ಆದರೆ ಮರೆಮಾಡಲೂ ಇಲ್ಲ.

ಇದಕ್ಕಿಂತಲೂ ಗಂಭೀರವಾದುದು ಪ್ರವಾದಿಯವರ(ಸ) ಹೆಸರಿನಲ್ಲಿ ನಡೆಯುವ ಅಜಾಗರೂಕತೆ. ಚೀನಾದವರೆಗೆ ಹೋಗಿಯಾದರೂ ವಿದ್ಯೆ ಸಂಪಾದಿಸಬೇಕೆಂಬ ಅರ್ಥದ ಮಾತು ನಮ್ಮ ಶಾಲೆಗಳ ಗೋಡೆಗಳ ಮೇಲೂ ಭಾಷಣಗಳಲ್ಲಿಯೂ ಹದೀಸ್ ಎಂದೇ ಮೆರೆಯುತ್ತಿದೆ. ಅದನ್ನು ಇಬ್ನ್ ಜೌಝಿ(ರ) ಕಲ್ಪಿತ ಹದೀಸ್‌ಗಳ ಸಂಗ್ರಹದಲ್ಲಿ ಸೇರಿಸಿದ್ದಾರೆ. ವಿದ್ಯೆಯ ಹಾದಿ ಹಿಡಿದವನಿಗೆ ಸ್ವರ್ಗದ ಹಾದಿ ಸುಗಮವಾಗುವುದೆಂಬ ಆಶಯದ ಪ್ರಬಲ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿಯೇ ಇರುವಾಗ, ಸನದು ನಿಲ್ಲದ ಮಾತಿನ ಆಸರೆ ನಮಗೇಕೆ? ವಿದ್ಯೆಯನ್ನು ಹೊಗಳಲು ವಿದ್ಯೆಯ ನಿಯಮವನ್ನೇ ಮುರಿಯುವುದು ವಿಪರ್ಯಾಸವಲ್ಲವೇ?

ಇಲ್ಲಿ ಒಂದು ಪ್ರಾಮಾಣಿಕ ಆಕ್ಷೇಪವಿದೆ. ಕರ್ಮವನ್ನು ಅಲ್ಲಾಹನ ಸಂಪ್ರೀತಿಗಾಗಿ ಮಾಡಿದವನಿಗೆ ಹೆಸರಿನ ಹಂಗೇಕೆ? ತಮ್ಮ ಜ್ಞಾನವನ್ನು ಜನರು ಕಲಿಯಲಿ, ಅದರಲ್ಲಿ ಒಂದಕ್ಷರವೂ ತಮ್ಮ ಹೆಸರಿಗೆ ಸೇರದಿದ್ದರೂ ಸರಿ ಎಂದು ಇಮಾಮ್ ಶಾಫಿಈ(ರ) ಬಯಸಿದ್ದರೆಂದು ವರದಿಯಾಗಿದೆ. ಈ ಬಯಕೆ ಬರೆಯುವವನಿಗೆ ಭೂಷಣ. ಆದರೆ ಪಡೆಯುವವನ ಕರ್ತವ್ಯ ಬೇರೆ. ಸಾಲ ಕೊಟ್ಟವನು ಮನ್ನಾ ಮಾಡಬಹುದು. ಪಡೆದವನು ಸಾಲವೇ ಇರಲಿಲ್ಲವೆನ್ನುವಂತಿಲ್ಲ. ಆ ಇಮಾಮರ ವಿನಯ ಇಂದು ನಮಗೆ ತಿಳಿದಿರುವುದು ಅವರ ಶಿಷ್ಯರು ಅದನ್ನು ಅವರ ಹೆಸರಿನಲ್ಲಿಯೇ ತಲುಪಿಸಿದ್ದರಿಂದ ಎಂಬುದನ್ನೂ ನೆನೆಯಬೇಕು. 1505ರಲ್ಲಿ ನಿಧನರಾದ ಇಮಾಮ್ ಸುಯೂತಿ(ರ) ಗ್ರಂಥಕರ್ತನಿಗೂ ಗ್ರಂಥಚೋರನಿಗೂ ಇರುವ ಭೇದದ ಕುರಿತೇ ಒಂದು ಪ್ರಬಂಧ ಬರೆದರು. ಅವರಿಗೆ ಇದು ಕೀರ್ತಿಯ ಪ್ರಶ್ನೆ ಮಾತ್ರವಾಗಿರಲಿಲ್ಲ, ಅಮಾನತ್ತಿನ ಪ್ರಶ್ನೆಯಾಗಿತ್ತು.

ಆದ್ದರಿಂದ ನಾವು ಕುಟುಂಬಗಳಲ್ಲಿ ಮಾಡಬಹುದಾದ ಕೆಲವು ಕೆಲಸಗಳಿವೆ. ಮಕ್ಕಳೊಂದಿಗೆ ಸಾಕ್ಷ್ಯಚಿತ್ರ ನೋಡಿದಾಗ ಕೊನೆಯ ಹೆಸರುಗಳವರೆಗೂ ಕುಳಿತುಕೊಳ್ಳೋಣ. ಅದರಲ್ಲಿ ಕಂಡ ಒಂದಾದರೂ ಸಂಗತಿಯನ್ನು ಪುಸ್ತಕದಲ್ಲಿ ಹುಡುಕಿ ನೋಡುವಂತೆ ಹೇಳೋಣ. ಹದೀಸ್ ಎಂಬ ಹೆಸರಿನ ಸಂದೇಶ ಬಂದಾಗ ಸಂಗ್ರಹದ ಹೆಸರೂ ಸಂಖ್ಯೆಯೂ ಇಲ್ಲದಿದ್ದರೆ ಅದನ್ನು ಮುಂದಕ್ಕೆ ಕಳುಹಿಸದಿರೋಣ. ಕಳುಹಿಸಿದವರು ಹಿರಿಯರಾಗಿದ್ದರೆ ಗೌರವದಿಂದಲೇ ಮೂಲವನ್ನು ಕೇಳೋಣ. ಸಂಶೋಧನೆ ಮಾಡುವ ನಮ್ಮ ಮಕ್ಕಳು ಯುಜಿಸಿಯ 2018ರ ನಿಯಮಾವಳಿಯನ್ನು ಬಲ್ಲರು. ಪ್ರಬಂಧದಲ್ಲಿ ಶೇಕಡಾ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಶೇಕಡಾ 60ನ್ನು ಮೀರಿದರೆ ನೋಂದಣಿಯೇ ರದ್ದಾಗಬಹುದು. ಯಂತ್ರವು ಅಕ್ಷರಗಳ ಹೋಲಿಕೆಯನ್ನಷ್ಟೇ ಎಣಿಸುತ್ತದೆ. ಮಾತು ಬದಲಿಸಿ ವಿಚಾರವನ್ನು ಅಪಹರಿಸಿದವನು ಅದರ ಕಣ್ಣಿಗೆ ಬೀಳದಿರಬಹುದು. ಅಂಥಲ್ಲಿ ತಡೆಯಬೇಕಾದುದು ಅಲ್ಲಾಹನ ಭಯ ಮತ್ತು ಮನೆಯಲ್ಲಿ ಕಲಿತ ಸಂಸ್ಕಾರ.

ಅರಿವಿಲ್ಲದ ವಿಷಯದ ಬೆನ್ನು ಹತ್ತಬಾರದೆಂದೂ, ಕಿವಿ, ಕಣ್ಣು ಮತ್ತು ಹೃದಯ ಇವೆಲ್ಲವೂ ಪ್ರಶ್ನೆಗೊಳಗಾಗುವವೆಂದೂ ಪವಿತ್ರ ಕುರ್‌ಆನಿನ 17ನೇ ಅಧ್ಯಾಯದ 36ನೇ ಸೂಕ್ತ ಎಚ್ಚರಿಸುತ್ತದೆ. ಕೇಳಿದ್ದನ್ನು ಸನದಿನಿಂದಲೂ, ಕಂಡದ್ದನ್ನು ಪುರಾವೆಯಿಂದಲೂ, ನಂಬಿದ್ದನ್ನು ನ್ಯಾಯದಿಂದಲೂ ಅಳೆಯುವ ಹೊಣೆ ನಮ್ಮದು. ತೂಸಿ, ಇಬ್ನ್ ಶಾತಿರ್‌ರಂಥವರ ಹೆಸರುಗಳು ಮರಳಿ ಬಂದದ್ದು ಘೋಷಣೆಗಳಿಂದಲ್ಲ, ಹಸ್ತಪ್ರತಿಗಳ ಮುಂದೆ ತಾಳ್ಮೆಯಿಂದ ಕುಳಿತವರಿಂದ. ನಮ್ಮ ಮಕ್ಕಳಲ್ಲಿ ಅಂಥ ತಾಳ್ಮೆಯುಳ್ಳವರು ಮೂಡಿಬರಲೆಂದು ನಾವು ಪ್ರಾರ್ಥಿಸೋಣ. ಅದಕ್ಕೆ ಬೇಕಾದ ಪುಸ್ತಕಗಳನ್ನೂ ಸಮಯವನ್ನೂ ಮನೆಯಲ್ಲಿ ಒದಗಿಸೋಣ.