ಪದವಿಯ ಸಮಾಸ

ಕಾಫಿಯ ಕುಯ್ಲು ಮುಗಿದು ಬೆಳೆಗಾರರು ಹೂಮಳೆಗಾಗಿ ಆಕಾಶವನ್ನು ನೋಡುತ್ತಿರುವ ದಿನಗಳಲ್ಲಿ ನಮ್ಮ ಮನೆಗೆ ಬಂದುಹೋಗುವವರು ಸ್ವಲ್ಪ ಹೆಚ್ಚು. ಕೈಯಲ್ಲಿ ಕೆಲಸ ಕಡಮೆ. ಮಕ್ಕಳ ಮುಂದಿನ ವಿದ್ಯಾಭ್ಯಾಸದ ಯೋಚನೆ ತಲೆಗೇರುವುದೂ ಆಗಲೇ. ಆಲೂರಿನ ಕಡೆಯ ನಮ್ಮ ಹಳೆಯ ಶಿಷ್ಯರೊಬ್ಬರು ಒಂದು ಸಂಜೆ ಮಗಳೊಡನೆ ಸಕಲೇಶಪುರದ ನಮ್ಮ ಮನೆಗೆ ದಯಮಾಡಿಸಿದರು. ಹುಡುಗಿ ಹಾಸನದಲ್ಲಿ ಬಿ.ಕಾಂ. ಮುಗಿಸಿದವಳು. ತಂದೆ ಹೊಳಪು ಕಾಗದದ ಪುಸ್ತಿಕೆಯೊಂದನ್ನು ನಮ್ಮ ಮುಂದಿಟ್ಟು, “ಮೇಷ್ಟ್ರೇ, ಒಂದೇ ಓದಿಗೆ ಎರಡು ಯೂನಿವರ್ಸಿಟಿಯಂತೆ. ಒಂದು ವರ್ಷ ಬೆಂಗಳೂರು, ಒಂದು ವರ್ಷ ಪರದೇಶ. ತೋಟದ ಪತ್ರ ಬ್ಯಾಂಕಿಗೆ ಕೊಡೋಕೆ ಮುಂಚೆ ತಾವೊಂದು ಮಾತು ಹೇಳ್ಬೇಕು” ಎಂದರು.

ವ್ಯಾಕರಣ ಹೇಳಿಕೊಟ್ಟು ತಲೆ ನರೆಯಿಸಿಕೊಂಡ ನಮಗೆ ಎಂ.ಬಿ.ಎ. ವಿಷಯದಲ್ಲಿ ಏನು ಅಧಿಕಾರವೆಂದು ವಾಚಕರು ಕೇಳಬಹುದು. ನಾವೂ ಅದನ್ನೇ ಹೇಳಿ ನುಣುಚಿಕೊಳ್ಳಲು ನೋಡಿದೆವು. ಆದರೆ ತೋಟದ ಪತ್ರವೆಂಬ ಮಾತು ಕಿವಿಗೆ ಬಿದ್ದಮೇಲೆ ಸುಮ್ಮನಿರಲಾಗಲಿಲ್ಲ. ಎರಡು ದಿನ ಅವಕಾಶ ಕೇಳಿಕೊಂಡೆವು.

ಭಾರತದ ಮತ್ತು ಪರದೇಶದ ವಿದ್ಯಾಸಂಸ್ಥೆಗಳು ಕೂಡಿ ಪದವಿ ಕೊಡುವ ಬಗ್ಗೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೨೨ನೆಯ ಇಸವಿಯಲ್ಲಿ ನಿಯಮಾವಳಿಯೊಂದನ್ನು ಹೊರಡಿಸಿದೆ. ಅದನ್ನು ಓದಿದಾಗ ನಮಗೆ ಆಶ್ಚರ್ಯವೂ ಸಂತೋಷವೂ ಆದುವು. ಅಷ್ಟು ವರ್ಷ ಕರಿಹಲಗೆಯ ಮೇಲೆ ಬರೆದು ಅಳಿಸಿದ ಸಮಾಸಪ್ರಕರಣವೇ ಅಲ್ಲಿ ವೇಷ ಮರೆಸಿ ಕುಳಿತಿತ್ತು! ರಾಮನೂ ಲಕ್ಷ್ಮಣನೂ ಸೇರಿ ‘ರಾಮಲಕ್ಷ್ಮಣೌ’ ಎಂದಾದಾಗ ಇಬ್ಬರೂ ಬೇರೆಬೇರೆಯಾಗಿಯೇ ನಿಂತು ದ್ವಿವಚನವನ್ನು ಪಡೆಯುತ್ತಾರೆ. ಇದು ಇತರೇತರ ದ್ವಂದ್ವ. ಕೈಯೂ ಕಾಲೂ ಸೇರಿ ‘ಪಾಣಿಪಾದಂ’ ಎಂದಾದಾಗ ಎರಡೂ ಒಂದು ರಾಶಿಯಾಗಿ ಏಕವಚನಕ್ಕೆ ಇಳಿಯುತ್ತವೆ; ಇದು ಸಮಾಹಾರ ದ್ವಂದ್ವ. ಆಯೋಗವು ‘ಡ್ಯುಯಲ್ ಡಿಗ್ರಿ’ ಎಂದು ಕರೆದಿರುವುದು ಮೊದಲನೆಯ ಜಾತಿಯದು: ಎರಡು ಸಂಸ್ಥೆಗಳಿಗೂ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಪ್ರವೇಶ, ಕೊನೆಯಲ್ಲಿ ಎರಡು ಪದವಿಪತ್ರ. ‘ಜಾಯಿಂಟ್ ಡಿಗ್ರಿ’ ಎರಡನೆಯದು: ಎರಡು ಸಂಸ್ಥೆಗಳೂ ಕೂಡಿ ಪಾಠಕ್ರಮವನ್ನು ರಚಿಸಿ, ಇಬ್ಬರ ಲಾಂಛನಗಳನ್ನೂ ಹೊತ್ತ ಒಂದೇ ಪತ್ರವನ್ನು ಕೊಡುತ್ತವೆ, ವಿದ್ಯಾರ್ಥಿಯು ಒಟ್ಟು ಕ್ರೆಡಿಟ್‌ಗಳಲ್ಲಿ ನೂರಕ್ಕೆ ೩೦ರಷ್ಟನ್ನಾದರೂ ಒಂದೊಂದು ಕಡೆಯಲ್ಲಿಯೂ ಗಳಿಸಲೇಬೇಕು. ‘ಟ್ವಿನ್ನಿಂಗ್’ ಎಂಬ ಮೂರನೆಯದೂ ಇದೆ. ಅದರಲ್ಲಿ ಪರದೇಶದ ಪಾಲು ನೂರಕ್ಕೆ ೩೦ನ್ನು ಮೀರುವಂತಿಲ್ಲ, ಪದವಿ ಕೊಡುವುದು ನಮ್ಮ ದೇಶದ ಸಂಸ್ಥೆ ಮಾತ್ರ. ಹೆಸರು ಅವಳಿಯೆಂದಿದ್ದರೂ ಅದು ಒಂದು ಪದವೇ ಪ್ರಧಾನವಾದ ತತ್ಪುರುಷ.

ಈ ಕನ್ನಡಕವನ್ನು ಹಾಕಿಕೊಂಡು ಪುಸ್ತಿಕೆಯನ್ನು ಮತ್ತೆ ನೋಡಿದೆವು. ಮೊದಲ ಪುಟದಲ್ಲಿ ‘ಜಾಯಿಂಟ್’, ನಾಲ್ಕನೆಯದರಲ್ಲಿ ‘ಡ್ಯುಯಲ್’. ಎರಡು ವಿದ್ಯಾಪೀಠಗಳ ಹೆಸರು ದೊಡ್ಡಕ್ಷರದಲ್ಲಿ. ಹಣ ಕಟ್ಟಬೇಕಾದದ್ದು ಮಾತ್ರ ಕೊನೆಯ ಪುಟದ ಸಣ್ಣಕ್ಷರದಲ್ಲಿದ್ದ ಮೂರನೆಯವರ ಹೆಸರಿಗೆ. ಇದು ಬಹುವ್ರೀಹಿಯಲ್ಲದೆ ಮತ್ತೇನು? ‘ಪೀತಾಂಬರ’ ಎಂದಾಗ ಹಳದಿಯೂ ಪ್ರಧಾನವಲ್ಲ, ಬಟ್ಟೆಯೂ ಪ್ರಧಾನವಲ್ಲ. ಅದನ್ನು ಉಟ್ಟ ವಿಷ್ಣು ಪ್ರಧಾನ. ಇಲ್ಲಿ ಉಟ್ಟುಕೊಂಡು ನಿಂತವನು ದಳ್ಳಾಳಿ. ಪ್ರಕಟವಾಗಿಯಾಗಲಿ ಮರೆಯಲ್ಲಾಗಲಿ ಇಂಥ ಓದನ್ನು ಗುತ್ತಿಗೆಯ ಅಂಗಡಿಯಂತೆ ಮತ್ತೊಬ್ಬರ ಕೈಗೆ ಕೊಡಬಾರದೆಂದು ಅದೇ ನಿಯಮಾವಳಿ ಹೇಳುತ್ತದೆ. ದೂರಶಿಕ್ಷಣಕ್ಕೂ ಆನ್‌ಲೈನ್ ಓದಿಗೂ ಅದು ಅನ್ವಯಿಸುವುದಿಲ್ಲ.

ಇನ್ನು ಸಾಲದ ಮಾತು. ಏಳೂವರೆ ಲಕ್ಷ ರೂಪಾಯಿಗಳನ್ನು ಮೀರಿದ ವಿದ್ಯಾಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಆಧಾರವನ್ನು ಕೇಳುತ್ತವೆ. ೨೦೦೨ನೆಯ ಇಸವಿಯ ಸರ್ಫೇಸಿ ಕಾಯಿದೆಯಲ್ಲಿ ಕೃಷಿಭೂಮಿಗೆ ವಿನಾಯಿತಿಯಿದ್ದರೂ ಕಾಫಿತೋಟಗಳಿಗೆ ಅದು ದಕ್ಕದೆ ಹರಾಜಿನ ನೋಟೀಸು ಬರುತ್ತಿರುವುದನ್ನು ಬೆಳೆಗಾರರ ಸಂಘಗಳು ಸರ್ಕಾರದ ಮುಂದೆ ತೋಡಿಕೊಂಡಿವೆ. ನಾಲ್ಕು ಎಕರೆಯ ಒಡೆಯನಿಗೆ ಇದು ಸಣ್ಣ ಸಂಗತಿಯಲ್ಲ.

ಮೂರನೆಯ ದಿನ ಬಂದ ತಂದೆ ಇಷ್ಟನ್ನೂ ಕೇಳಿ, “ಹಾಗಾದ್ರೆ ಬೇಡ ಅಂತೀರಾ?” ಎಂದರು, ದನಿಯಲ್ಲಿ ಸ್ವಲ್ಪ ಸಮಾಧಾನವೂ ಇದ್ದಂತೆ ನಮಗೆ ತೋರಿತು. ಅದುವರೆಗೆ ಸುಮ್ಮನಿದ್ದ ಹುಡುಗಿ ಬಾಯಿಬಿಟ್ಟಳು. “ಸಾರ್, ಚೀಲಕ್ಕೆ ಎಷ್ಟು ಅಂತ ನಮ್ಮಪ್ಪ ವ್ಯಾಪಾರಿಯನ್ನ ಕೇಳ್ತಾರೆ. ಆ ವ್ಯಾಪಾರಿ ಯಾರನ್ನ ಕೇಳ್ತಾನೆ ಅನ್ನೋದು ನಾನು ಕಲೀಬೇಕು.”

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಾವು ಉಪಾಧ್ಯಾಯವೃತ್ತಿಗೆ ಸೇರಿದ ಕಾಲದಲ್ಲಿ ಬೆಳೆಗಾರನು ಕಾಫಿಯನ್ನು ಬೋರ್ಡಿನ ಪೂಲಿಗೆ ಒಪ್ಪಿಸಿ, ಕಂತುಕಂತಾಗಿ ಬರುವ ಹಣಕ್ಕೆ ಕಾದಿರುತ್ತಿದ್ದನು. ಬೈಗುಳವೇನೋ ಬೋರ್ಡಿಗೆ ಧಾರಾಳವಾಗಿ ಸಲ್ಲುತ್ತಿತ್ತು; ಮಾರುವ ಚಿಂತೆ ಮಾತ್ರ ಬೆಳೆದವನಿಗೆ ಇರಲಿಲ್ಲ. ೧೯೯೨ರಿಂದ ಆ ಕಟ್ಟು ಸಡಿಲುತ್ತ ಬಂದು ೧೯೯೬ರಲ್ಲಿ ಪೂರ್ತಿಯಾಗಿ ಬಿಚ್ಚಿಹೋಯಿತು. ಈಗ ಅರೇಬಿಕಾದ ಧಾರಣೆ ನ್ಯೂಯಾರ್ಕಿನಲ್ಲಿ ಪೌಂಡಿಗೆ ಇಷ್ಟು ಸೆಂಟೆಂದೂ, ರೊಬಸ್ಟಾದ ಧಾರಣೆ ಲಂಡನ್ನಿನಲ್ಲಿ ಟನ್ನಿಗೆ ಇಷ್ಟು ಡಾಲರೆಂದೂ ಹೊರಡುತ್ತದೆ. ಆಲೂರಿನವನು ಅದನ್ನು ೫೦ ಕಿಲೋಗ್ರಾಮಿನ ಚೀಲಕ್ಕೆ ರೂಪಾಯಿಯಾಗಿ ಇಳಿಸಿಕೊಳ್ಳಬೇಕು. ಹೆಸರನ್ನು ಮಾರುವುದೂ ಒಂದು ವಿದ್ಯೆಯೇ. ೨೦೧೯ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನಗಿರಿಗಳ ಅರೇಬಿಕಾಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ನಮ್ಮ ಮಂಜರಾಬಾದಿನ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಹುಡುಗಿಯ ಹಸಿವು ನಿಜವಾದದ್ದು. ಊಟದ ಬೆಲೆಯೊಂದೇ ಪ್ರಶ್ನೆ.

ಆದುದರಿಂದ ಮೂವರೂ ಜಗಲಿಯಲ್ಲಿ ಕುಳಿತು ಬೇರೆ ದಾರಿಗಳನ್ನು ಎಣಿಸಿದೆವು. ತೋಟಗಾರಿಕೆಯ ವ್ಯವಹಾರವನ್ನೇ ಕಲಿಸಲು ೧೯೯೩ರಲ್ಲಿ ಸ್ಥಾಪಿತವಾದ ಭಾರತೀಯ ತೋಟ ನಿರ್ವಹಣ ಸಂಸ್ಥೆ ಬೆಂಗಳೂರಿನಲ್ಲಿಯೇ ಇದೆ. ಕೂಡುಪದವಿಯೇ ಬೇಕೆಂದರೆ ಯೂರೋಪಿನ ಒಕ್ಕೂಟವು ೨೦೦೪ರಿಂದ ನಡೆಸುತ್ತಿರುವ ಎರಾಸ್ಮಸ್ ಮುಂಡಸ್ ಎಂಬ ಏರ್ಪಾಡುಂಟು. ಎರಡು ಮೂರು ದೇಶಗಳ ವಿದ್ಯಾಪೀಠಗಳು ಕೂಡಿ ಪಾಠ ಹೇಳುತ್ತವೆ; ಆಯ್ಕೆಯಾಗಿ ವಿದ್ಯಾರ್ಥಿವೇತನ ದೊರೆತವರಿಗೆ ತಿಂಗಳಿಗೆ ೧೪೦೦ ಯೂರೋ. ಸ್ಪರ್ಧೆ ಬಹಳ. ಸೋತರೆ ಹೋಗುವುದು ಅರ್ಜಿಗೆ ಪಟ್ಟ ಶ್ರಮವೇ ಹೊರತು ತೋಟವಲ್ಲ.

ಪುಸ್ತಿಕೆಯವರಿಗೂ ಅನ್ಯಾಯವಾಗಬಾರದೆಂದು ಹುಡುಗಿಯ ಕೈಯಿಂದಲೇ ಒಂದು ಕಾಗದ ಬರೆಯಿಸಿದೆವು. ಪದವಿಪತ್ರ ಒಂದೋ ಎರಡೋ? ಯಾವ ಕಡೆ ಎಷ್ಟು ಕ್ರೆಡಿಟ್? ಶುಲ್ಕ ಯಾರ ಹೆಸರಿಗೆ, ಏಕೆ? ವೀಸಾ ದೊರೆಯದೆ ಓದು ನಡುವೆ ನಿಂತರೆ ಗಳಿಸಿದ ಕ್ರೆಡಿಟ್‌ಗಳ ಗತಿಯೇನು? ಈ ಕಡೆಯದಕ್ಕೆ ದಾರಿಯನ್ನು ಮೊದಲೇ ಗೊತ್ತುಪಡಿಸಿರಬೇಕೆಂದು ನಿಯಮವೇ ಇದೆ. ಮೊದಲೆರಡಕ್ಕೆ ಮರುಟಪಾಲಿನಲ್ಲಿ ಉತ್ತರ ಬಂದಿತು. ಉಳಿದೆರಡಕ್ಕೆ ‘ನಮ್ಮ ಪ್ರತಿನಿಧಿಯು ತಮ್ಮನ್ನು ಖುದ್ದಾಗಿ ಕಾಣುವರು’ ಎಂದಿದೆ. ಪ್ರತಿನಿಧಿ ಇನ್ನೂ ಆಲೂರಿನ ದಾರಿ ಹಿಡಿದಿಲ್ಲ. ತೋಟದ ಪತ್ರ ಪೆಟ್ಟಿಗೆಯಲ್ಲಿಯೇ ಇದೆ. ಯೂರೋಪಿನ ಅರ್ಜಿಗಳು ಹೆಚ್ಚಾಗಿ ಅಕ್ಟೋಬರಿನ ಮೇಲೆ ತೆರೆಯುವುವಾದ್ದರಿಂದ ಮಳೆಗಾಲವೆಲ್ಲ ಅವಳ ಕೈಯಲ್ಲಿದೆ. ಅದುವರೆಗೆ ತೋಟದ ಲೆಕ್ಕವನ್ನು ತಾನೇ ಬರೆಯುವುದಾಗಿ ತಂದೆಯಿಂದ ಪುಸ್ತಕವನ್ನು ಕೇಳಿ ಪಡೆದಿದ್ದಾಳೆ.