ತಿರುಳು ಕೆಟ್ಟರೆ ಕಾಯಿ ಉಳಿದೀತೇ?

ಮಳವಳ್ಳಿ ತಾಲ್ಲೂಕಿನ ಓದುಗರೊಬ್ಬರು ಹೀಗೆ ಬರೆದಿದ್ದಾರೆ: “ಮೇಷ್ಟ್ರೇ, ಮಗ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಕಬ್ಬಿನ ದುಡ್ಡು ಬಂದಾಗ ಅವನ ಪ್ರಾಜೆಕ್ಟಿಗೆಂದು ಒಂದು ಕಂಪ್ಯೂಟರ್ ಕೊಡಿಸಿದೆ. ಅದನ್ನೇ ಸರ್ವರ್ ಮಾಡಿಕೊಂಡು ಅದರೊಳಗೆ ‘ಕಂಟೇನರ್’ ಓಡಿಸುತ್ತಾನಂತೆ. ನಾಲ್ಕೈದು ಓಡಿಸುವವರೆಗೆ ಚೆನ್ನಾಗಿರುತ್ತದೆ. ಆರನೆಯದು ಶುರುವಾದೊಡನೆ ಇಡೀ ಯಂತ್ರವೇ ನಿಂತುಬಿಡುತ್ತದೆ. ಪರದೆಯ ತುಂಬ ಇಂಗ್ಲಿಷ್ ಅಕ್ಷರ. ಅಂಗಡಿಯವರು ಮದರ್‌ಬೋರ್ಡ್ ಬದಲಿಸಬೇಕು, ಹದಿನೈದು ಸಾವಿರ ಆಗುತ್ತದೆ ಅಂತಾರೆ. ಮಗ ‘ಬೋರ್ಡ್ ಕೆಟ್ಟಿಲ್ಲಪ್ಪ, ಇದು ಕರ್ನೆಲ್ ಕ್ರ್ಯಾಶ್’ ಅಂತಾನೆ. ಯಾರ ಮಾತು ನಂಬಲಿ?”

ಯಾರ ಮಾತನ್ನೂ ನಂಬಬೇಕಾಗಿಲ್ಲ. ಯಂತ್ರವನ್ನೇ ಕೇಳಬಹುದು. ಹೇಗೆ ಕೇಳುವುದು ಎಂಬುದನ್ನು ಈ ವಾರ ನೋಡೋಣ. ಹಣ ಕೊಡುವುದಕ್ಕೆ ಮೊದಲು ಮಾಡಬೇಕಾದ ಪರೀಕ್ಷೆಗಳು ನಾಲ್ಕಿವೆ. ನಾಲ್ಕಕ್ಕೂ ಒಂದು ಪೈಸೆ ಖರ್ಚಿಲ್ಲ.

ಕರ್ನೆಲ್ ಎಂದರೇನು?

ಮದ್ದೂರಿನ ಎಳನೀರು ಮಾರುಕಟ್ಟೆಯನ್ನು ನೋಡಿದವರಿಗೆ ಈ ಹೆಸರನ್ನು ವಿವರಿಸುವುದು ಸುಲಭ. ಕರ್ನೆಲ್ ಎಂದರೆ ತಿರುಳು. ಶೆಲ್ ಎಂದರೆ ಅದರ ಸುತ್ತಲಿನ ಚಿಪ್ಪು. ನಾವು ಆದೇಶ ಟೈಪ್ ಮಾಡುವುದು ಚಿಪ್ಪಿಗೆ, ನಿಜವಾದ ಕೆಲಸ ನಡೆಯುವುದು ತಿರುಳಿನಲ್ಲಿ. ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಕಾಲದಿಂದ ಈ ಎರಡು ಮಾತುಗಳು ಜೊತೆಯಾಗಿ ಬಂದಿವೆ. ಇಂದು ಸರ್ವರ್‌ಗಳಲ್ಲಿ ಹೆಚ್ಚಾಗಿ ಕಾಣುವ ಲಿನಕ್ಸ್ ಕರ್ನೆಲ್ಲನ್ನು 1991ರಲ್ಲಿ ಶುರುಮಾಡಿದವನು ಹೆಲ್ಸಿಂಕಿ ವಿಶ್ವವಿದ್ಯಾನಿಲಯದ 21 ವರ್ಷದ ವಿದ್ಯಾರ್ಥಿ, ಲೀನಸ್ ಟೊರ್ವಾಲ್ಡ್ಸ್.

ಕರ್ನೆಲ್ಲಿನ ಕೆಲಸ ನಮ್ಮ ನೀರುಗಂಟಿಯ ಕೆಲಸದಂತೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿಯುತ್ತಿದೆ ಎಂದು ಪ್ರತಿಯೊಬ್ಬ ರೈತನೂ ತಾನೇ ಹೋಗಿ ತೂಬು ಎತ್ತಿದರೆ ಏನಾದೀತು? ಮಂಡ್ಯದ ಕಡೆಯವರ ಗದ್ದೆ ಕೆರೆಯಾದೀತು, ಮಳವಳ್ಳಿಯ ಕೊನೆಭಾಗದವರ ಗದ್ದೆ ಬಿರುಕು ಬಿಟ್ಟೀತು. ಆದ್ದರಿಂದ ತೂಬು ಎತ್ತುವ ಅಧಿಕಾರ ಒಬ್ಬನದೇ. ಹಾಗೆಯೇ ಕಂಪ್ಯೂಟರಿನಲ್ಲಿ ಮೆಮೊರಿ, ಪ್ರೊಸೆಸರಿನ ಸಮಯ, ಡಿಸ್ಕ್, ನೆಟ್‌ವರ್ಕ್ ಇವನ್ನೆಲ್ಲ ಹಂಚುವುದು ಕರ್ನೆಲ್ ಮಾತ್ರ. ಉಳಿದ ಪ್ರೋಗ್ರಾಂಗಳು ಅದಕ್ಕೆ ಅರ್ಜಿ ಹಾಕಿಕೊಂಡು ತಮಗೆ ಬೇಕಾದ್ದನ್ನು ಪಡೆಯುತ್ತವೆ.

ಒಂದು ಪ್ರೋಗ್ರಾಂ ತಪ್ಪು ಮಾಡಿದರೆ ಕರ್ನೆಲ್ ಅದೊಂದನ್ನೇ ಹೊರಗೆ ಹಾಕುತ್ತದೆ, ಯಂತ್ರ ನಡೆಯುತ್ತಲೇ ಇರುತ್ತದೆ. ಕರ್ನೆಲ್ಲೇ ತಪ್ಪು ಮಾಡಿದರೆ? ಅದನ್ನು ಹೊರಗೆ ಹಾಕಲು ಮೇಲೆ ಇನ್ನೊಬ್ಬರಿಲ್ಲ.

ಕೊಳವೆಬಾವಿ ಮತ್ತು ನಾಲೆ

ಇನ್ನು ಕಂಟೇನರ್. ಒಂದೇ ಸರ್ವರಿನಲ್ಲಿ ಹಲವು ಕೆಲಸಗಳನ್ನು ಬೇರೆ ಬೇರೆಯಾಗಿ ನಡೆಸಲು ಎರಡು ದಾರಿಗಳಿವೆ. ಮೊದಲನೆಯದು ವರ್ಚುವಲ್ ಯಂತ್ರ. ಇದು ಪ್ರತಿ ಗದ್ದೆಗೂ ಒಂದೊಂದು ಕೊಳವೆಬಾವಿ ಕೊರೆಸಿದಂತೆ, ಪ್ರತಿಯೊಂದಕ್ಕೂ ಸ್ವಂತ ಕರ್ನೆಲ್ ಇರುತ್ತದೆ. ಖರ್ಚು ಹೆಚ್ಚು, ಆದರೆ ಒಬ್ಬನ ಮೋಟಾರ್ ಸುಟ್ಟರೆ ಪಕ್ಕದವನಿಗೆ ತೊಂದರೆಯಿಲ್ಲ. ಎರಡನೆಯದು ಕಂಟೇನರ್. ಇಲ್ಲಿ ಎಲ್ಲ ಗದ್ದೆಗಳಿಗೂ ಒಂದೇ ನಾಲೆ, ಒಬ್ಬನೇ ನೀರುಗಂಟಿ. ನಡುವೆ ಬದುಗಳಿವೆ, ಪ್ರತಿ ಗದ್ದೆಗೂ ತೂಬಿನ ಅಳತೆಯಿದೆ. ಖರ್ಚು ಕಡಿಮೆ, ಕ್ಷಣದಲ್ಲಿ ಶುರುವಾಗುತ್ತದೆ. 2013ರಲ್ಲಿ ಡಾಕರ್ ಎಂಬ ತಂತ್ರಾಂಶ ಬಂದ ಮೇಲೆ ಈ ಪದ್ಧತಿ ವಿದ್ಯಾರ್ಥಿಗಳ ಕೈಗೂ ಎಟುಕಿತು.

ಇಲ್ಲಿ ಬದು ಎಂದರೆ ‘ನೇಮ್‌ಸ್ಪೇಸ್’. ಕಂಟೇನರಿನ ಕಣ್ಣಿಗೆ ಏನೇನು ಕಾಣಬೇಕು ಎಂಬುದನ್ನು ಅದು ಗೊತ್ತುಮಾಡುತ್ತದೆ. ತೂಬಿನ ಅಳತೆ ಎಂದರೆ ‘ಸಿಗ್ರೂಪ್’. ಕಂಟೇನರ್ ಎಷ್ಟು ಬಳಸಬಹುದು ಎಂಬುದನ್ನು ಅದು ಗೊತ್ತುಮಾಡುತ್ತದೆ. ಸಿಗ್ರೂಪಿನ ಮೂಲ ಕೆಲಸ ಗೂಗಲ್ ಕಂಪನಿಯಲ್ಲಿ ನಡೆದು 2008ರಲ್ಲಿ ಲಿನಕ್ಸಿಗೆ ಸೇರಿತು. ಅದೇ ವರ್ಷ ಸೇರಿದ ಮೆಮೊರಿಯ ತೂಬನ್ನು ಬರೆದವರು ಐ.ಬಿ.ಎಂ. ಕಂಪನಿಯಲ್ಲಿದ್ದ ನಮ್ಮ ದೇಶದ ಎಂಜಿನಿಯರ್ ಬಲ್ಬೀರ್ ಸಿಂಗ್.

ಈ ಹೋಲಿಕೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಗದ್ದೆಯ ಬದು ಒಡೆದರೆ ಒಂದು ಗದ್ದೆ ಹಾಳು. ನಾಲೆಯೇ ಒಡೆದರೆ ಎಲ್ಲ ಗದ್ದೆಗಳೂ ಒಣಗುತ್ತವೆ. ಕರ್ನೆಲ್ ಕ್ರ್ಯಾಶ್ ಆದಾಗ ಆರು ಕಂಟೇನರ್‌ಗಳೂ ಒಟ್ಟಿಗೆ ಬೀಳುವುದು ಇದೇ ಕಾರಣಕ್ಕೆ. ‘ನನ್ನ ಕಂಟೇನರಿನಲ್ಲಿ ಹೊಸ ಉಬುಂಟು ಹಾಕಿದ್ದೇನೆ, ಇನ್ನು ಕ್ರ್ಯಾಶ್ ಆಗುವುದಿಲ್ಲ’ ಎಂದು ಕೆಲವು ಹುಡುಗರು ಹೇಳುವುದುಂಟು. ಕಂಟೇನರಿನೊಳಗೆ ಕರ್ನೆಲ್ ಇರುವುದೇ ಇಲ್ಲ. ಒಳಗೆ ಯಾವ ಉಬುಂಟು ಹಾಕಿದರೂ ಕೆಲಸ ಮಾಡುವುದು ಯಂತ್ರದ ಹಳೆಯ ಕರ್ನೆಲ್ಲೇ.

ಯಂತ್ರ ತಾನಾಗಿ ನಿಲ್ಲುವುದೇಕೆ?

ಕರ್ನೆಲ್ ತನ್ನ ಲೆಕ್ಕದಲ್ಲಿ ಸರಿಪಡಿಸಲಾಗದ ದೋಷ ಕಂಡಾಗ ಪರದೆಯ ಮೇಲೆ ‘ಕರ್ನೆಲ್ ಪ್ಯಾನಿಕ್ – ನಾಟ್ ಸಿಂಕಿಂಗ್’ ಎಂದು ಬರೆದು ನಿಂತುಬಿಡುತ್ತದೆ. ಪ್ಯಾನಿಕ್ ಎಂಬ ಮಾತು ಗಾಬರಿ ಹುಟ್ಟಿಸುತ್ತದೆ. ಆದರೆ ಮುಖ್ಯವಾದ ಮಾತು ಎರಡನೆಯದು. ‘ನಾಟ್ ಸಿಂಕಿಂಗ್’ ಎಂದರೆ ‘ಮೆಮೊರಿಯಲ್ಲಿ ಇರುವುದನ್ನು ಡಿಸ್ಕಿಗೆ ಬರೆಯುತ್ತಿಲ್ಲ’ ಎಂದರ್ಥ. ಏಕೆ ಬರೆಯುವುದಿಲ್ಲ? ತನ್ನ ನೆನಪಿನ ಮೇಲೆ ತನಗೇ ನಂಬಿಕೆ ಹೋದಾಗ ದಾಖಲೆ ಪುಸ್ತಕಕ್ಕೆ ಕೈ ಹಾಕಬಾರದು ಎಂಬ ವಿವೇಕದಿಂದ.

ಇದರ ಬೆಲೆ ನಮ್ಮ ಜಿಲ್ಲೆಯವರಿಗೆ ಬೇಗ ತಿಳಿಯಬೇಕು. ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯ ಮೊದಲ ಪ್ರಯೋಗ ನಡೆದದ್ದು ಮದ್ದೂರು ತಾಲ್ಲೂಕಿನಲ್ಲಿ, 1999ರಲ್ಲಿ. ಆಮೇಲೆ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಹಾಗೆಯೇ ಕಾಗದದಿಂದ ಯಂತ್ರಕ್ಕೆ ಹೋದವು. ಯಾವುದೇ ಕಚೇರಿಯಲ್ಲಿ ‘ಸರ್ವರ್ ಡೌನ್’ ಎಂದು ಹೇಳಿಸಿಕೊಂಡು ಹಿಂದಿರುಗಿದ ರೈತನಿಗೆ ಒಂದು ದಿನದ ಕೂಲಿ, ಬಸ್ಸಿನ ಹಣ ನಷ್ಟ. ಅದು ಸಣ್ಣ ನಷ್ಟವೆಂದು ನಾನು ಹೇಳುವುದಿಲ್ಲ. ಆದರೆ ಯಂತ್ರ ನಿಲ್ಲದೆ ಸರ್ವೆ ನಂಬರಿನ ಮುಂದೆ ಬೇರೆಯವನ ಹೆಸರು ಬರೆದುಬಿಟ್ಟರೆ? ಆ ನಷ್ಟ ಮೊಮ್ಮಕ್ಕಳ ಕಾಲದವರೆಗೂ ಕೋರ್ಟಿನಲ್ಲಿ ನಡೆದೀತು. ತಪ್ಪು ಬರೆಯುವುದಕ್ಕಿಂತ ಸುಮ್ಮನೆ ನಿಲ್ಲುವುದು ಮೇಲು.

ತಿರುಳಿನಲ್ಲಿ ಆಗುವ ಸಣ್ಣ ತಪ್ಪು ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಜಗತ್ತು 2024ರ ಜುಲೈ 19ರಂದು ನೋಡಿತು. ಕ್ರೌಡ್‌ಸ್ಟ್ರೈಕ್ ಕಂಪನಿಯ ರಕ್ಷಣಾ ತಂತ್ರಾಂಶದ ಒಂದು ಭಾಗ ವಿಂಡೋಸಿನ ಕರ್ನೆಲ್ಲಿನೊಳಗೇ ಕೆಲಸ ಮಾಡುತ್ತದೆ. ಅಂದು ಬಂದ ಒಂದು ಹೊಸ ಕಡತಕ್ಕೆ 21 ವಿವರಗಳು ಬೇಕಿದ್ದವು, ಪ್ರೋಗ್ರಾಂ ಒದಗಿಸಿದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ಯಂತ್ರಗಳು ನಿಂತವು. ಮೈಕ್ರೋಸಾಫ್ಟ್ ಕಂಪನಿಯ ಅಂದಾಜಿನಂತೆ ಅವುಗಳ ಸಂಖ್ಯೆ 85 ಲಕ್ಷ. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅಂದು ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸುಗಳನ್ನು ಕೊಟ್ಟರು.

ನಾಲ್ಕು ಪರೀಕ್ಷೆಗಳು

ಈಗ ಮಳವಳ್ಳಿಯ ಕಂಪ್ಯೂಟರಿಗೆ ಬರೋಣ.

ಮೊದಲನೆಯದು: ನಿಜವಾಗಿ ನಿಂತದ್ದು ಯಾವುದು? ಕಂಟೇನರ್ ಮಾತ್ರ ಸತ್ತಿದ್ದರೆ ಅದು ಕರ್ನೆಲ್ ಕ್ರ್ಯಾಶ್ ಅಲ್ಲ. ಡಾಕರ್ ಕೊಡುವ ಮುಕ್ತಾಯದ ಸಂಖ್ಯೆ ನೋಡಿ. 137 ಎಂದಿದ್ದರೆ ಅದರಿಂದ 128 ಕಳೆಯಿರಿ, 9 ಉಳಿಯುತ್ತದೆ. 9 ಎಂಬುದು ‘ಕೊಲ್ಲು’ ಎಂಬ ಸಂಕೇತ. ಯಾರೋ ಅದನ್ನು ಬಲವಂತವಾಗಿ ನಿಲ್ಲಿಸಿದ್ದಾರೆ, ಹೆಚ್ಚಿನ ವೇಳೆ ಮೆಮೊರಿ ಸಾಲದೆ ಕರ್ನೆಲ್ಲೇ ನಿಲ್ಲಿಸಿರುತ್ತದೆ. ಸರಳ ಲೆಕ್ಕ ಹಾಕೋಣ. ಯಂತ್ರದಲ್ಲಿ 8 ಜಿ.ಬಿ. ಮೆಮೊರಿಯಿದೆ, ಪ್ರತಿ ಕಂಟೇನರ್ ಒಂದೂವರೆ ಜಿ.ಬಿ. ತಿನ್ನುತ್ತದೆ ಎನ್ನಿ. ಐದಕ್ಕೆ ಏಳೂವರೆ, ಆರಕ್ಕೆ ಒಂಬತ್ತು! ಆರನೆಯದಕ್ಕೆ ಯಂತ್ರ ಉಸಿರು ಕಟ್ಟಿ ನಿಂತಂತೆ ಕಾಣುವುದರಲ್ಲಿ ಆಶ್ಚರ್ಯವೇನು? ಪರದೆಯಲ್ಲಿ ‘ಔಟ್ ಆಫ್ ಮೆಮೊರಿ’ ಎಂಬ ಸಾಲಿದ್ದರೆ ಕಾರಣ ಇದೇ. ಪ್ರತಿ ಕಂಟೇನರಿಗೂ ಮೆಮೊರಿಯ ಮಿತಿ ಹಾಕಿದರೆ ಒಂದರ ಹೊಟ್ಟೆಬಾಕತನಕ್ಕೆ ಉಳಿದವು ಬಲಿಯಾಗುವುದು ತಪ್ಪುತ್ತದೆ.

ಎರಡನೆಯದು: ‘ಪ್ಯಾನಿಕ್’ ಎಂಬ ಸಾಲೇ ಇದ್ದರೆ ಪರದೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಸ್ವಿಚ್ ಆರಿಸಿ ಹಾಕಿದರೆ ಸಾಕ್ಷಿ ಅಳಿಸಿಹೋಗುತ್ತದೆ. ಚಿತ್ರದಲ್ಲಿ ಮೂರನ್ನು ಹುಡುಕಿ. ಏನಾಯಿತು ಎಂಬ ಮೊದಲ ಸಾಲು, ಕರ್ನೆಲ್ಲಿನ ಆವೃತ್ತಿಯ ಸಂಖ್ಯೆ, ‘ಕಾಲ್ ಟ್ರೇಸ್’ ಎಂಬ ಪಟ್ಟಿ. ಈ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನದು ಮೊದಲು ನಡೆದದ್ದು, ಮೇಲಿನದು ಕಡೆಗೆ ನಡೆದದ್ದು. ‘ಟೇಂಟೆಡ್’ ಎಂಬ ಗುರುತೂ ಇದ್ದರೆ ಹೊರಗಿನವರು ಬರೆದ ಡ್ರೈವರ್ ಒಳಗೆ ಸೇರಿರಬಹುದು. ಅದನ್ನು ತೆಗೆದು ನೋಡಿ.

ಮೂರನೆಯದು, ತಂದೆಯವರು ಗಮನಿಸಬೇಕಾದದ್ದು: ಕ್ರ್ಯಾಶ್ ಮೂರು ಸಲ ಆಗುವವರೆಗೆ ಕಾದು ಮೂರು ಚಿತ್ರಗಳನ್ನೂ ಪಕ್ಕಪಕ್ಕ ಇಡಿ. ಪಟ್ಟಿಯ ಮೇಲ್ಭಾಗದಲ್ಲಿ ಮೂರು ಸಲವೂ ಒಂದೇ ಹೆಸರು ಬಂದಿದ್ದರೆ ದೋಷ ಹೆಚ್ಚಾಗಿ ತಂತ್ರಾಂಶದಲ್ಲಿದೆ. ಪ್ರತಿ ಸಲವೂ ಬೇರೆ ಬೇರೆ ಹೆಸರು ಬಂದಿದ್ದರೆ ಯಂತ್ರಾಂಶದ ಮೇಲೆ ಅನುಮಾನ ಪಡಿ. ಆಗಲೂ ಮೊದಲ ಅನುಮಾನ ಬೋರ್ಡಿನ ಮೇಲಲ್ಲ. ಮೆಮೊರಿ ಪಟ್ಟಿ, ವಿದ್ಯುತ್ ಪೂರೈಸುವ ಪೆಟ್ಟಿಗೆ, ದೂಳು ಕಟ್ಟಿದ ಫ್ಯಾನು ಇವನ್ನು ಮೊದಲು ನೋಡಿ. ಮೆಮ್‌ಟೆಸ್ಟ್ ಎಂಬ ಉಚಿತ ಪ್ರೋಗ್ರಾಂ ಹಾಕಿ ಒಂದು ರಾತ್ರಿ ಓಡಲು ಬಿಡಿ. ಬೆಳಿಗ್ಗೆ ಒಂದೇ ಒಂದು ತಪ್ಪು ತೋರಿಸಿದರೂ ಮೊದಲು ಮೆಮೊರಿಯನ್ನು ಬದಲಿಸಿ ನೋಡಬೇಕು. ಅದರ ಬೆಲೆ ಬೋರ್ಡಿನ ಬೆಲೆಯಲ್ಲ.

ನಾಲ್ಕನೆಯದು: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಆರು ಕಂಟೇನರ್‌ಗಳಲ್ಲಿ ಮೂರನ್ನು ಓಡಿಸಿ, ಆಮೇಲೆ ಉಳಿದ ಮೂರನ್ನು. ಯಾವ ಗುಂಪು ಬೀಳಿಸುತ್ತದೆಯೋ ಅದನ್ನು ಮತ್ತೆ ಒಡೆಯಿರಿ. ಯಾವ ಗುಂಪೂ ಬೀಳಿಸದಿದ್ದರೆ ಕಾರಣ ಒಂದು ಕಂಟೇನರಲ್ಲ, ಒಟ್ಟು ಹೊರೆ. ಹೊಸ ಕರ್ನೆಲ್ ಬಂದ ಮೇಲೆ ತೊಂದರೆ ಶುರುವಾಗಿದ್ದರೆ ಯಂತ್ರ ಏಳುವಾಗ ಬರುವ ಪಟ್ಟಿಯಿಂದ ಹಳೆಯ ಕರ್ನೆಲ್ ಆರಿಸಿ ನೋಡಿ. ಇರುವ ಕರ್ನೆಲ್ಲೇ ತೀರ ಹಳೆಯದಾಗಿದ್ದರೆ ಹೊಸದನ್ನು ಹಾಕಿ ನೋಡಿ. ಕಂಟೇನರ್‌ಗಳು ಬಂದ ಮೇಲೆ ಕರ್ನೆಲ್ಲಿನ ಹಳೆಯ ದೋಷಗಳು ಎಷ್ಟೋ ಹೊರಬಿದ್ದಿವೆ. ಮೊದಲು ನೆಟ್‌ವರ್ಕ್ ಸಂಪರ್ಕವನ್ನು ದಿನಕ್ಕೊಮ್ಮೆ ಕಟ್ಟಿ ಬಿಚ್ಚುತ್ತಿದ್ದ ಯಂತ್ರ ಈಗ ಸಾವಿರ ಸಲ ಕಟ್ಟಿ ಬಿಚ್ಚುತ್ತದೆ. 2014ರಿಂದ ಡಾಕರ್ ಬಳಸುವವರನ್ನು ಕಾಡಿದ ಒಂದು ತೊಂದರೆ ಇಂಥದ್ದೇ. ಕಂಟೇನರ್ ಹೋದರೂ ಅದರ ನೆಟ್‌ವರ್ಕ್ ‘ಇನ್ನೂ ಬಳಕೆಯಲ್ಲಿದೆ’ ಎಂದು ಕರ್ನೆಲ್ಲಿನ ಲೆಕ್ಕದಲ್ಲಿ ಉಳಿದು, ಹೊಸ ಕಂಟೇನರ್‌ಗಳು ಬಾಗಿಲಲ್ಲೇ ನಿಲ್ಲುತ್ತಿದ್ದವು.

ಸತ್ತ ಕರ್ನೆಲ್ಲಿನ ಸಾಕ್ಷಿ

ಪರದೆಯ ಚಿತ್ರದಲ್ಲಿ ಸಿಗುವುದು ಸ್ವಲ್ಪ. ಕ್ರ್ಯಾಶ್ ಆದ ಕ್ಷಣದಲ್ಲಿ ಮೆಮೊರಿಯಲ್ಲಿ ಇದ್ದದ್ದೆಲ್ಲ ಸಿಕ್ಕರೆ? ಆದರೆ ಅದನ್ನು ಡಿಸ್ಕಿಗೆ ಬರೆಯುವವರು ಯಾರು? ನೆನಪು ಕೆಟ್ಟ ಕರ್ನೆಲ್ ಬರೆಯಬಾರದೆಂದು ಈಗತಾನೇ ನೋಡಿದೆವು. ಇದಕ್ಕೆ ಸಿಕ್ಕ ಉತ್ತರದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಐ.ಬಿ.ಎಂ. ಕಂಪನಿಯ ಭಾರತದ ಲಿನಕ್ಸ್ ಕೇಂದ್ರದಲ್ಲಿದ್ದ ವಿವೇಕ್ ಗೋಯಲ್, ಹರಿಪ್ರಸಾದ್ ನೆಲ್ಲಿತೀರ್ಥ ಅವರು ಅಮೆರಿಕದ ಎರಿಕ್ ಬೀಡರ್‌ಮನ್ ಜೊತೆಗೂಡಿ ‘ಕೆಡಂಪ್’ ಎಂಬ ವಿಧಾನವನ್ನು ರೂಪಿಸಿದರು. 2005ರಲ್ಲಿ ಅದು ಲಿನಕ್ಸಿಗೆ ಸೇರಿತು. ಉಪಾಯ ಸರಳವಾಗಿದೆ. ಯಂತ್ರ ಏಳುವಾಗಲೇ ಮೆಮೊರಿಯ ಒಂದು ಸಣ್ಣ ಮೂಲೆಯನ್ನು ಮೀಸಲಿಟ್ಟು ಅಲ್ಲಿ ಎರಡನೆಯ ಕರ್ನೆಲ್ಲನ್ನು ಮಲಗಿಸಿರುತ್ತಾರೆ. ಮೊದಲನೆಯದು ಬಿದ್ದೊಡನೆ ಎರಡನೆಯದು ಏಳುತ್ತದೆ. ತನ್ನ ಮೂಲೆಯಲ್ಲೇ ನಿಂತು, ಸತ್ತ ಕರ್ನೆಲ್ಲಿನ ಮೆಮೊರಿಯನ್ನು ಡಿಸ್ಕಿಗೆ ನಕಲು ಮಾಡುತ್ತದೆ, ಆಮೇಲೆ ಯಂತ್ರವನ್ನು ಮತ್ತೆ ಶುರುಮಾಡುತ್ತದೆ. ಆ ನಕಲನ್ನು ತೆರೆದು ಮರಣೋತ್ತರ ಪರೀಕ್ಷೆ ಮಾಡಬಹುದು.

ಒಂದೇ ಷರತ್ತು. ಕೆಡಂಪನ್ನು ಕ್ರ್ಯಾಶ್ ಆಗುವ ಮೊದಲೇ ಸಿದ್ಧಮಾಡಿರಬೇಕು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಉಪಯೋಗವಿಲ್ಲ.

ಪೋಷಕರಿಗೆ ಒಂದು ಮಾತು. ಮಗ ಹೇಳುವ ಇಂಗ್ಲಿಷ್ ಪದಗಳು ನಿಮಗೆ ಅರ್ಥವಾಗದಿದ್ದರೆ ಚಿಂತೆಯಿಲ್ಲ. “ಏನಾಯ್ತು ಅಂತ ಬರೆದಿಟ್ಟಿದ್ದೀಯಾ, ತೋರಿಸು” ಎಂದು ಕೇಳಿ. ಬರೆದಿಟ್ಟಿದ್ದರೆ ಅವನ ಮಾತಿಗೆ ಆಧಾರವಿದೆ. ಅಂಗಡಿಯವರನ್ನೂ ಅದೇ ಪ್ರಶ್ನೆ ಕೇಳಿ: “ಬೋರ್ಡ್ ಕೆಟ್ಟಿದೆ ಅಂತ ಯಾವ ಪರೀಕ್ಷೆಯಿಂದ ಗೊತ್ತಾಯ್ತು?” ಉತ್ತರ ಸಿಗುವವರೆಗೆ ಹದಿನೈದು ಸಾವಿರ ನಿಮ್ಮ ಜೇಬಿನಲ್ಲೇ ಇರಲಿ.

ವಿದ್ಯಾರ್ಥಿಗಳಿಗೆ ಈ ವಾರದ ಕೆಲಸ: ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಪುಟದಲ್ಲಿ ನಾಲ್ಕು ಕಾಲಂ ಎಳೆಯಿರಿ. ದಿನಾಂಕ ಮತ್ತು ಸಮಯ, ಏನು ಬದಲಿಸಿದೆ, ಏನಾಯಿತು, ಏನು ಊಹಿಸಿದೆ. ನಾಲ್ಕನೆಯ ಕಾಲಮನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ, ಅಳಿಸಿ ಬರೆಯಬೇಕಾಗುತ್ತದೆ. ಉಳಿದ ಮೂರನ್ನು ಪೆನ್ನಿನಲ್ಲೇ ಬರೆಯಿರಿ.