ಸುಕ್ರಜ್ಜಿಯ ಹಾಡಿನ ಗಂಟು

ಹೂವಿನ ಹಿಪ್ಪರಗಿಯ ನಮ್ಮ ಹಳೇ ಮನೆಯ ಪಡಸಾಲೆಯಲ್ಲಿ ಬೀಸುಕಲ್ಲೊಂದು ಇನ್ನೂ ಕೂತಿದೆ. ಗಿರಣಿ ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. ಮೊನ್ನೆ ಮೊಮ್ಮಗಳು ಅದರ ಮೇಲೆ ಕೂತು ಕಾಲಾಡಿಸುತ್ತ ಕೇಳಿದಳು: "ಆಯಿ, ಸಾಲೀನ ಕಲೀದವ್ರಿಗೆ ಪದ್ಮಶ್ರೀ ಕೊಡ್ತಾರೇನ?"

"ಕೊಟ್ಟಾರವ್ವಾ" ಅಂದೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ ಮಕ್ಕಳೇ.

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನಲ್ಲಿ ಬಡಗೇರಿ ಅಂತ ಊರು. ಅಲ್ಲಿಯ ಸುಕ್ರಿ ಬೊಮ್ಮ ಗೌಡ ಹಾಲಕ್ಕಿ ಒಕ್ಕಲಿಗರ ಹೆಣ್ಣುಮಗಳು. ಕೊರಳ ತುಂಬ ಮಣಿಸರ, ಮೊಣಕಾಲಿನವರೆಗೆ ಸುತ್ತಿದ ಸೀರೆ. ಓದು ಬರಹ ಬಾರದು. ಹಾಡು ಕಲಿತದ್ದು ತಾಯಿಯ ಬಾಯಿಂದ. ಗದ್ದೆಯ ಕೆಲಸಕ್ಕೊಂದು, ಮದುವೆಗೊಂದು, ಸುಗ್ಗಿಗೊಂದು ಅಂತ ಹಾಲಕ್ಕಿಗಳಲ್ಲಿ ಹಾಡಿಗೆ ಕೊರತೆಯಿಲ್ಲ.  ಸುಕ್ರಜ್ಜಿ ಅವನ್ನೆಲ್ಲ ತಲೆಯಲ್ಲೇ ಗಂಟು ಕಟ್ಟಿ ಇಟ್ಟುಕೊಂಡಿದ್ದಳು. ಮುಂದೆ ಆಕಾಶವಾಣಿಯವರೂ ಜಾನಪದ ಅಕಾಡೆಮಿಯವರೂ ಆ ಹಾಡುಗಳನ್ನು ಧ್ವನಿಮುದ್ರಣ ಮಾಡಿಕೊಂಡರು.

ಅವಳ ಬದುಕೇನೂ ಹಾಡಿನಷ್ಟು ಹಗುರವಾಗಿರಲಿಲ್ಲ. ಚಿಕ್ಕ ವಯಸ್ಸಿಗೇ ಮದುವೆ. ಗಂಡ ಬೇಗ ತೀರಿಕೊಂಡ. ಸಾಕಿದ ಮಗನನ್ನು ಕುಡಿತ ಕೊಂಡೊಯ್ದಿತು. ಇಂಥ ಮನೆಗಳು ನಮ್ಮ ಕಡೆಯೂ ಇವೆ, ನಿಮಗೇ ಗೊತ್ತು. ಬಾಗಿಲು ಹಾಕಿಕೊಂಡು ಅಳುವವರೇ ಹೆಚ್ಚು. ಸುಕ್ರಜ್ಜಿ ಊರಿನ ಹೆಂಗಸರನ್ನು ಕಟ್ಟಿಕೊಂಡು ಹೆಂಡದ ವಿರುದ್ಧ ಬೀದಿಗಿಳಿದಳು. ನನಗೆ ಅವಳ ಹಾಡಿಗಿಂತ ಇದೇ ದೊಡ್ಡದು ಅನಿಸುತ್ತದೆ. ಮೊಮ್ಮಗಳು ಮಾತ್ರ ಒಪ್ಪಲಿಲ್ಲ, "ಹಾಡೇ ದೊಡ್ಡದು" ಅಂದಳು.

ಹಂಪಿ ಕನ್ನಡ ವಿಶ್ವವಿದ್ಯಾಲಯ 'ನಾಡೋಜ' ಕೊಟ್ಟಿತು. 2017ರಲ್ಲಿ ಪದ್ಮಶ್ರೀ ಬಂತು. ಅದೇ ಮಣಿಸರ, ಅದೇ ಉಡುಗೆಯಲ್ಲಿ ದಿಲ್ಲಿಗೆ ಹೋಗಿ ತಂದಳು. ಅದೇ ಅಂಕೋಲಾ ತಾಲ್ಲೂಕಿನ, ಅದೇ ಸಮುದಾಯದ, ಸಾವಿರಾರು ಗಿಡ ಬೆಳೆಸಿದ ತುಳಸಿ ಗೌಡರಿಗೂ ಪದ್ಮಶ್ರೀ ಬಂದಿದೆ ನೋಡಿ! ತುಳಸಜ್ಜಿ 2024ರ ಡಿಸೆಂಬರಿನಲ್ಲಿ ಹೋದರು. ಎರಡೇ ತಿಂಗಳಲ್ಲಿ, 2025ರ ಫೆಬ್ರುವರಿ 13ರಂದು, ಸುಕ್ರಜ್ಜಿಯೂ ಹೋದಳು.

"ನಮ್ಮ ಕಡೀ ಹಾಡು ಯಾರೂ ಬರಕೊಂಡಿಲ್ಲೇನ ಆಯಿ?"

ಯಾಕಿಲ್ಲ? ನಮ್ಮ ಜಿಲ್ಲೆಯ ಹಲಸಂಗಿ ಗೆಳೆಯರು ಬೀಸುವ, ಕುಟ್ಟುವ ಹೆಣ್ಣುಮಕ್ಕಳ ಹಾಡು ಕಲೆಹಾಕಿ 1931ರಲ್ಲೇ 'ಗರತಿಯ ಹಾಡು' ಪುಸ್ತಕ ತಂದರು.

"ನಿಮ್ಮವ್ವನ ಹಾಡು ಅದರಾಗ ಅದಾವೇನ?"

ಇಲ್ಲ. ನಮ್ಮವ್ವ ಇದೇ ಕಲ್ಲಿನ ಮುಂದೆ ಕೂತು ನಸುಕಿನಲ್ಲಿ ಜೋಳ ಬೀಸುತ್ತ ಹಾಡುತ್ತಿದ್ದಳು. ನಾನು ಕೌದಿಯೊಳಗೆ ಮಲಗಿಕೊಂಡೇ ಕೇಳುತ್ತಿದ್ದೆ. ನಾಲ್ಕಕ್ಷರ ಕಲಿತವಳು ನಾನು, ಒಂದನ್ನೂ ಬರೆದಿಡಲಿಲ್ಲ.

ಮೊಮ್ಮಗಳು ಒಳಗೆ ಓಡಿ ಅವಳಪ್ಪನ ಮೊಬೈಲು ತಂದಳು. "ಹಾಡು ಆಯಿ, ರೆಕಾರ್ಡ್ ಮಾಡ್ತೀನಿ." ಅಂದು ಸಂಜೆಯವರೆಗೆ ನೆನಪು ಕೆದಕಿದೆವು. ಒಂದೂವರೆ ಹಾಡು ಸಿಕ್ಕಿತು. ಉಳಿದರ್ಧ ಸೋದರತ್ತೆಗೆ ಗೊತ್ತಿರಬಹುದು. ಭಾನುವಾರ ಅವರ ಮನೆಗೆ ಹೊರಟಿದ್ದೇವೆ.